ಎನ್‌ಬಿಎಗೆ ಈಗಲೇ ಹೋಗಬೇಕೋ, ಕಾಲೇಜಿನಲ್ಲೇ ಇನ್ನೊಂದು ವರ್ಷ ಇರಬೇಕೋ?

ಏಪ್ರಿಲ್ ಬಂತೆಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸುದ್ದಿಗಳಲ್ಲಿ ಇದೇ ಮಾತು. ಇಂಥ ಹುಡುಗ ಕಾಲೇಜು ಬಿಡ್ತಾನಂತೆ, ಇನ್ನೊಬ್ಬ ಇನ್ನೊಂದು ವರ್ಷ ಉಳೀತಾನಂತೆ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ಓದು ಮುಗಿಯುವ ಮೊದಲೇ ಎನ್‌ಬಿಎ ಎಂಬ ವೃತ್ತಿಪರ ಲೀಗ್‌ಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಕಾಲ ಅದು.

ಈಗ ಈ ಲೆಕ್ಕಾಚಾರವೇ ತಲೆಕೆಳಗಾಗಿದೆ. 2021ರಲ್ಲಿ ಹೊರದೇಶದ ಹುಡುಗರೂ ಸೇರಿ 353 ಮಂದಿ ಹೀಗೆ ಅವಧಿಗೆ ಮುಂಚೆ ಹೆಸರು ಕೊಟ್ಟಿದ್ದರು. ಕೋವಿಡ್‌ನಿಂದಾಗಿ ಕಾಲೇಜು ಆಟಗಾರರಿಗೆ ಒಂದು ವರ್ಷ ಹೆಚ್ಚುವರಿ ಸಿಕ್ಕಿದ್ದರಿಂದ ಆ ಸಲದ ಸಂಖ್ಯೆ ಸ್ವಲ್ಪ ಊದಿತ್ತು, ನಿಜ. ಆದರೆ 2024ರಲ್ಲೂ 195 ಮಂದಿ ಇದ್ದರು. 2025ರಲ್ಲಿ ಅದು 106ಕ್ಕೆ ಇಳಿಯಿತು. ಕೋಟಿಗಟ್ಟಲೆ ಸಂಬಳ ಕೊಡುವ ಲೀಗ್ ಬಾಗಿಲು ತೆರೆದಿಟ್ಟಿದ್ದರೂ ಹುಡುಗರು ಯಾಕೆ ಒಳಗೆ ಹೋಗುತ್ತಿಲ್ಲ? ಇದು ಅರ್ಥವಾಗಬೇಕಾದರೆ ಮೊದಲು ಅಲ್ಲಿ ಆಟಗಾರರನ್ನು ಆರಿಸುವುದು ಹೇಗೆ ಅಂತ ನೋಡಬೇಕು.

ಡ್ರಾಫ್ಟ್ ಅಂದರೆ ಏನು?

ಎನ್‌ಬಿಎಯಲ್ಲಿ 30 ತಂಡಗಳಿವೆ. ಪ್ರತಿ ಜೂನ್‌ನಲ್ಲಿ ಈ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಎರಡು ಸುತ್ತು, ಸುತ್ತಿಗೆ 30, ಒಟ್ಟು 60 ಆಯ್ಕೆ. ಯಾವುದಾದರೂ ತಂಡಕ್ಕೆ ದಂಡ ಬಿದ್ದರೆ ಒಂದೆರಡು ಕಡಿಮೆಯಾಗುವುದೂ ಉಂಟು.

ನಮ್ಮ ಸಿಇಟಿ ಕೌನ್ಸೆಲಿಂಗನ್ನು ಉಲ್ಟಾ ಮಾಡಿ ನೋಡಿ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜನ್ನು ಮೊದಲು ಆರಿಸಿಕೊಳ್ಳುತ್ತಾನೆ. ಡ್ರಾಫ್ಟ್‌ನಲ್ಲಿ ಆರಿಸುವುದು ತಂಡ, ಆರಿಸಿಕೊಳ್ಳಲ್ಪಡುವವನು ಹುಡುಗ. ಅದೂ ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೇ ಮೊದಲ ಅವಕಾಶ. ತನ್ನನ್ನು ಯಾವ ಊರಿನ ತಂಡ ಕರೆಯುತ್ತದೆ ಎಂಬುದು ಹುಡುಗನ ಕೈಯಲ್ಲಿಲ್ಲ.

ಮೊದಲ ಅವಕಾಶ ಬೇಕೆಂದೇ ಯಾರೂ ಬೇಕಂತ ಸೋಲಬಾರದಲ್ವಾ? ಅದಕ್ಕಾಗಿ 1985ರಿಂದ ಲಾಟರಿ ಇದೆ. ಪ್ಲೇಆಫ್ ತಲುಪದ 14 ತಂಡಗಳು ಇದರಲ್ಲಿರುತ್ತವೆ. ತೀರಾ ಕೆಳಗಿರುವ ಮೂರು ತಂಡಗಳಿಗೆ ಮೊದಲ ನಂಬರ್ ಸಿಗುವ ಸಾಧ್ಯತೆ 2019ರಿಂದ ಶೇ 14ರಷ್ಟು. 2025ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಇದ್ದದ್ದು ಶೇ 1.8 ಮಾತ್ರ, ಆದರೂ ಅದೃಷ್ಟ ಅವರಿಗೇ ಒಲಿಯಿತು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿದ್ದ ಕೂಪರ್ ಫ್ಲ್ಯಾಗ್‌ನನ್ನು ಅವರು ಎತ್ತಿಕೊಂಡರು.

ಎಷ್ಟು ಬೇಗ ಹೋಗಬಹುದು?

ಒಂದು ಕಾಲದಲ್ಲಿ ಹೈಸ್ಕೂಲ್ ಮುಗಿಸಿ ನಾಲ್ಕು ವರ್ಷ ಆಗದೆ ಎನ್‌ಬಿಎಗೆ ಹೋಗುವಂತೆಯೇ ಇರಲಿಲ್ಲ. ಇದನ್ನು ಮುರಿದವನು ಸ್ಪೆನ್ಸರ್ ಹೇವುಡ್. ಮಿಸಿಸಿಪಿಯ ಹತ್ತಿ ಹೊಲಗಳ ಬಡ ಕುಟುಂಬದಿಂದ ಬಂದ ಹುಡುಗ. ಸಿಯಾಟಲ್ ತಂಡ ಅವನನ್ನು ಸೇರಿಸಿಕೊಂಡಾಗ ಲೀಗ್ ತಡೆಯಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1971ರಲ್ಲಿ ತೀರ್ಪು ಅವನ ಪರ ಬಂತು. ಮೈಕಲ್ ಜೋರ್ಡನ್ 1984ರಲ್ಲಿ ಮೂರೇ ವರ್ಷಕ್ಕೆ ನಾರ್ತ್ ಕೆರೊಲಿನಾ ಬಿಟ್ಟು ಹೋಗಲು ಸಾಧ್ಯವಾದದ್ದು ಈ ದಾರಿ ತೆರೆದದ್ದರಿಂದ.

ಮುಂದೆ 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಕಾಲೇಜಿನ ಮೆಟ್ಟಿಲನ್ನೇ ಹತ್ತದೆ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹೋದರು. ಎಲ್ಲರೂ ಲೆಬ್ರಾನ್ ಆಗುವುದಿಲ್ಲ. 17, 18 ವರ್ಷದ ಹುಡುಗರ ಮೇಲೆ ದುಡ್ಡು ಸುರಿದು ತಂಡಗಳು ಕೈಸುಟ್ಟುಕೊಂಡದ್ದೂ ಇದೆ. ಹಾಗಾಗಿ 2006ರ ಡ್ರಾಫ್ಟ್‌ನಿಂದ ಹೊಸ ನಿಯಮ ಬಂತು. ಡ್ರಾಫ್ಟ್ ನಡೆಯುವ ವರ್ಷದಲ್ಲಿ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಹೈಸ್ಕೂಲ್ ಮುಗಿದು ಕನಿಷ್ಠ ಒಂದು ವರ್ಷ ಕಳೆದಿರಬೇಕು. ಕೂಪರ್ ಫ್ಲ್ಯಾಗ್ ಹುಟ್ಟಿದ್ದು 2006ರ ಡಿಸೆಂಬರ್ 21ರಂದು. ಆಯ್ಕೆಯಾದ ರಾತ್ರಿ ಅವನಿಗಿನ್ನೂ 18. ಆ ವರ್ಷ ಮುಗಿಯುವ ಮೊದಲು 19 ಆಗುತ್ತದಲ್ಲ, ಅಷ್ಟು ಸಾಕು.

ಒಂದು ವರ್ಷ ಕಾಲೇಜಿನಲ್ಲಿ ಆಡಿ ಹೊರಟುಬಿಡುವ ಇಂಥವರನ್ನು ಅಲ್ಲಿ ‘ಒನ್ ಅಂಡ್ ಡನ್’ ಅಂತಾರೆ.

ಎಲ್ಲ ನಿಂತಿರುವುದು ಒಂದು ನಂಬರಿನ ಮೇಲೆ

ಹೋಗಬೇಕೋ ಉಳಿಯಬೇಕೋ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಬಹುಪಾಲು ಒಂದೇ ಅಂಕಿ: ಈ ಹುಡುಗ ಎಷ್ಟನೆಯವನಾಗಿ ಆಯ್ಕೆಯಾಗಬಹುದು? ಸಂಬಳವೆಲ್ಲ ಅದರ ಮೇಲೇ ನಿಂತಿದೆ.

ಮೊದಲ ಸುತ್ತಿನ 30 ಮಂದಿಗೆ ಚೌಕಾಸಿಯ ತಲೆನೋವು ಹೆಚ್ಚಿಲ್ಲ. ಯಾವ ನಂಬರಿಗೆ ಎಷ್ಟು ಎಂಬ ಪಟ್ಟಿ ಮೊದಲೇ ಇರುತ್ತದೆ. ತಂಡ ಅದರ ಶೇ 80ರಿಂದ 120ರ ನಡುವೆ ಕೊಡಬಹುದು, ಸಾಮಾನ್ಯವಾಗಿ ಎಲ್ಲರೂ 120 ಕೊಡುತ್ತಾರೆ. ಆ ಲೆಕ್ಕದಲ್ಲಿ 2025–26ರಲ್ಲಿ ಮೊದಲ ನಂಬರಿನವನಿಗೆ ಸುಮಾರು 1 ಕೋಟಿ 38 ಲಕ್ಷ ಡಾಲರ್. ಮೂವತ್ತನೆಯವನಿಗೆ ಸುಮಾರು 27 ಲಕ್ಷ ಡಾಲರ್. ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಎರಡು ವರ್ಷದ ಸಂಬಳ ಖಾತ್ರಿ, ಆಡಲಿ ಬಿಡಲಿ ಕೊಡಲೇಬೇಕು. ಮೂರನೆಯದು, ನಾಲ್ಕನೆಯದು ತಂಡದ ಇಷ್ಟ.

ಮೂವತ್ತೊಂದನೆಯವನಿಗೆ? ಪಟ್ಟಿಯೂ ಇಲ್ಲ, ಖಾತ್ರಿಯೂ ಇಲ್ಲ. ಎರಡನೇ ಸುತ್ತಿನವರು ತಂಡದ ಜೊತೆ ಮಾತಾಡಿ ಎಷ್ಟು ಗಿಟ್ಟುತ್ತದೋ ಅಷ್ಟು. ಕೆಲವರಿಗೆ ಒಳ್ಳೆಯ ಒಪ್ಪಂದವೇ ಸಿಗುತ್ತದೆ. ಹಲವರಿಗೆ ಸಿಗುವುದು ‘ಟು-ವೇ’ ಒಪ್ಪಂದ. ಅಂದರೆ ಸ್ವಲ್ಪ ದಿನ ಎನ್‌ಬಿಎ ತಂಡದ ಜೊತೆ, ಉಳಿದ ದಿನ ಅದರ ಕೆಳಗಿನ ಜಿ ಲೀಗ್ ತಂಡದ ಜೊತೆ. 2025–26ರಲ್ಲಿ ಇದರ ಸಂಬಳ ಸುಮಾರು 6 ಲಕ್ಷ 36 ಸಾವಿರ ಡಾಲರ್, ಎನ್‌ಬಿಎಯ ಹೊಸಬರ ಕನಿಷ್ಠ ಸಂಬಳದ ಅರ್ಧ. ಅದೂ ಸಿಗದೆ ಬರೀ ಜಿ ಲೀಗ್‌ನಲ್ಲಿ ಆಡುವವನಿಗೆ ಇಡೀ ಸೀಸನ್‌ಗೆ 40 ಸಾವಿರ ಡಾಲರ್ ಆಸುಪಾಸು. ಅಮೆರಿಕದಲ್ಲಿ ಅದು ಅಂಥ ದೊಡ್ಡ ದುಡ್ಡೇನಲ್ಲ.

ಇನ್ನು ಜಾಗ ಎಷ್ಟಿದೆ ನೋಡಿ. ಒಂದು ತಂಡಕ್ಕೆ 15 ಪೂರ್ಣ ಒಪ್ಪಂದ, 3 ಟು-ವೇ. ಅಂದರೆ ಇಡೀ ಲೀಗ್‌ನಲ್ಲಿ 450 ಪೂರ್ಣ ಜಾಗ, 90 ಅರೆ ಜಾಗ. ಅವೂ ಖಾಲಿ ಬಿದ್ದಿಲ್ಲ, ಈಗಾಗಲೇ ಜನ ಕೂತಿದ್ದಾರೆ. ಇತ್ತ ಅಮೆರಿಕದ ಮೇಲ್ದರ್ಜೆಯ ಕಾಲೇಜು ತಂಡಗಳೇ 350ಕ್ಕೂ ಹೆಚ್ಚು. ಜೊತೆಗೆ ಯುರೋಪು, ಆಫ್ರಿಕಾ, ಆಸ್ಟ್ರೇಲಿಯಾದಿಂದ ಬರುವವರು ಬೇರೆ.

ಮೊದಲ ಸಂಬಳಕ್ಕಿಂತ ಕೊನೆಯ ಸಂಬಳ ದೊಡ್ಡದು

ಮೊದಲ ಐದು, ಹತ್ತರೊಳಗೆ ಬರುವ ಹುಡುಗ ಒಂದು ವರ್ಷ ತಡಮಾಡಿದರೆ ಏನು ಕಳೆದುಕೊಳ್ಳುತ್ತಾನೆ? ಒಂದು ವರ್ಷದ ಹೊಸಬನ ಸಂಬಳ ಅಂತ ಥಟ್ಟನೆ ಅನಿಸುತ್ತದೆ. ನಿಜವಾದ ಲೆಕ್ಕ ಬೇರೆಯೇ ಇದೆ, ಹೆಚ್ಚಿನವರು ಇಲ್ಲೇ ಎಡವುವುದು.

ಎನ್‌ಬಿಎಯಲ್ಲಿ ಒಂದು ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ ಇದೆ. 2025–26ರಲ್ಲಿ ಅದು ಸುಮಾರು 15 ಕೋಟಿ 46 ಲಕ್ಷ ಡಾಲರ್. ಒಬ್ಬ ಆಟಗಾರ ಇದರಲ್ಲಿ ಗರಿಷ್ಠ ಎಷ್ಟು ಪಾಲು ಪಡೆಯಬಹುದು ಎಂಬುದು ಅವನು ಲೀಗ್‌ನಲ್ಲಿ ಎಷ್ಟು ವರ್ಷ ಆಡಿದ್ದಾನೆ ಎಂಬುದರ ಮೇಲಿದೆ. ಆರು ವರ್ಷದವರೆಗೆ ಸಾಮಾನ್ಯವಾಗಿ ಶೇ 25. ಏಳರಿಂದ ಒಂಬತ್ತಾದರೆ ಶೇ 30. ಹತ್ತು ದಾಟಿದರೆ ಶೇ 35. ದುಡ್ಡಿನಲ್ಲಿ ಹೇಳುವುದಾದರೆ ವರ್ಷಕ್ಕೆ 3 ಕೋಟಿ 86 ಲಕ್ಷ ಡಾಲರ್ ಎಲ್ಲಿ, 5 ಕೋಟಿ 41 ಲಕ್ಷ ಡಾಲರ್ ಎಲ್ಲಿ!

ಈಗ ಇಬ್ಬರನ್ನು ಪಕ್ಕಪಕ್ಕ ಇಡಿ. ಒಬ್ಬ 19ಕ್ಕೆ ಸೇರಿದ. ಅವನಿಗೆ 29ಕ್ಕೆ ಹತ್ತು ವರ್ಷ ತುಂಬುತ್ತದೆ, ಕಾಲಲ್ಲಿ ಇನ್ನೂ ಕಸುವಿರುವ ವಯಸ್ಸು. ಇನ್ನೊಬ್ಬ 22ಕ್ಕೆ ಸೇರಿದ. ಅವನಿಗೆ ಹತ್ತು ತುಂಬುವಾಗ 32, ಓಟ ನಿಧಾನವಾಗಲು ಶುರುವಾಗಿರುತ್ತದೆ. ಯಾವ ತಂಡ ತಾನೇ ಅವನಿಗೆ ಶೇ 35 ಕೊಡುತ್ತದೆ? ಬೇಗ ಸೇರಿದವನ ಗಡಿಯಾರ ಬೇಗ ಶುರುವಾಗುತ್ತದೆ ಅಷ್ಟೇ. ಅತ್ಯುತ್ತಮ ಆಟಗಾರರು ತಡಮಾಡದೆ ಹೊರಡುವುದು ಇದಕ್ಕೆ. ಅವರು ಕಾಲೇಜಿನಲ್ಲಿ ಉಳಿದರೆ ಕಳೆದುಕೊಳ್ಳುವ ವರ್ಷ ಶುರುವಿನದ್ದಲ್ಲ, ತುದಿಯದ್ದು.

ತಂಡಗಳೂ ಚಿಕ್ಕ ವಯಸ್ಸಿನವನನ್ನೇ ಇಷ್ಟಪಡುತ್ತವೆ. ಒಂದೇ ಮಟ್ಟದ ಆಟ ಆಡುವ 19ರವನೂ 22ರವನೂ ಎದುರಿಗಿದ್ದರೆ, ಇನ್ನೂ ಸುಧಾರಿಸುವ ಅವಕಾಶ ಜಾಸ್ತಿ ಇರುವುದು 19ರವನಿಗೆ ಎಂಬುದು ಅವರ ತರ್ಕ.

ಕಾಲೇಜಿನಲ್ಲೇ ದುಡ್ಡು ಬರಲು ಶುರುವಾದಾಗ

ಹಾಗಿದ್ದರೆ 2025ರಲ್ಲಿ ಸಂಖ್ಯೆ ಕುಸಿದದ್ದು ಯಾಕೆ? ಇಷ್ಟು ವರ್ಷ ಕಾಲೇಜು ಆಟಗಾರರಿಗೆ ವಿದ್ಯಾರ್ಥಿವೇತನ, ಊಟ, ವಸತಿ ಬಿಟ್ಟರೆ ಆಟದಿಂದ ದುಡ್ಡು ಮಾಡುವ ದಾರಿ ಇರಲಿಲ್ಲ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ, ಇವರು ಹವ್ಯಾಸಿಗಳು, ದುಡ್ಡು ಮುಟ್ಟಬಾರದು ಅನ್ನುತ್ತಿತ್ತು. ಮಾರ್ಚ್ ತಿಂಗಳ ಟೂರ್ನಿಯ ಟಿವಿ ಹಕ್ಕಿನಿಂದ ಕೋಟಿ ಕೋಟಿ ಬರುತ್ತಿತ್ತು, ಆಡುವ ಹುಡುಗನಿಗೆ ಅದರಲ್ಲಿ ಪಾಲಿಲ್ಲ. ಹೀಗಿರುವಾಗ ಮನೆಯಲ್ಲಿ ಕಷ್ಟವಿದ್ದ ಹುಡುಗ ಎರಡನೇ ಸುತ್ತಾದರೂ ಸರಿ ಅಂತ ಹೊರಡುತ್ತಿದ್ದ.

2021ರ ಜುಲೈ 1ರಂದು ಇದು ಬದಲಾಯಿತು. ಆಟಗಾರ ತನ್ನ ಹೆಸರು, ಚಿತ್ರ, ಛಾಪನ್ನು ಬಳಸಿ ಸಂಪಾದಿಸಬಹುದು ಎಂದಾಯಿತು. ಇದನ್ನು ಎನ್‌ಐಎಲ್ ಅಂತ ಕರೆಯುತ್ತಾರೆ. ಜಾಹೀರಾತು, ಹಸ್ತಾಕ್ಷರ, ಇನ್‌ಸ್ಟಾಗ್ರಾಂ ಪೋಸ್ಟ್, ಹೀಗೆ. ಕಾಗದದ ಮೇಲೆ ಹೀಗಿದ್ದರೂ, ಶ್ರೀಮಂತ ಹಳೇ ವಿದ್ಯಾರ್ಥಿಗಳು, ಅಭಿಮಾನಿಗಳು ಸೇರಿ ನಿಧಿ ಕಟ್ಟಿ ಆಟಗಾರರನ್ನು ಎಳೆಯುವ ಪೈಪೋಟಿ ಕೂಡಲೇ ಶುರುವಾಯಿತು. 2025ರ ಜೂನ್‌ನಲ್ಲಿ ಹೌಸ್ ಪ್ರಕರಣ ಎಂದು ಹೆಸರಾದ ಮೊಕದ್ದಮೆಯಲ್ಲಿ ರಾಜಿ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಆಮೇಲೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. 2025–26ಕ್ಕೆ ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೂ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರಲ್ಲಿ ದೊಡ್ಡ ಪಾಲು ಅಮೆರಿಕನ್ ಫುಟ್‌ಬಾಲ್‌ಗೆ ಹೋದರೂ ಬ್ಯಾಸ್ಕೆಟ್‌ಬಾಲ್‌ಗೂ ಸಾಕಷ್ಟು ಬರುತ್ತದೆ. ಎನ್‌ಐಎಲ್ ದುಡ್ಡು ಇದರ ಹೊರಗೆ.

ಈಗ ಹಳೇ ಲೆಕ್ಕಕ್ಕೆ ವಾಪಸ್ ಬನ್ನಿ. ಮೊದಲ ಹತ್ತರಲ್ಲಿ ಬರುವವನಿಗೆ ಏನೂ ಬದಲಾಗಿಲ್ಲ, ಅವನು ಹೊರಡುತ್ತಾನೆ. ನಲವತ್ತೈದನೆಯವನಾಗಬಹುದಾದ ಹುಡುಗನ ಸ್ಥಿತಿ ಪೂರ್ತಿ ಬದಲಾಗಿದೆ. ಅತ್ತ ಟು-ವೇಯ 6 ಲಕ್ಷ ಡಾಲರ್, ಅದೂ ಸಿಕ್ಕರೆ. ಇತ್ತ ಒಳ್ಳೇ ಕಾಲೇಜಿನಲ್ಲಿ ಅದಕ್ಕಿಂತ ಜಾಸ್ತಿ, ಜೊತೆಗೆ ತುಂಬಿದ ಕ್ರೀಡಾಂಗಣ. ಕಾಲೇಜು ಬೇಡ ಅನ್ನುವ ಹುಡುಗರಿಗಾಗಿ ಎನ್‌ಬಿಎ 2020ರಲ್ಲಿ ಕಟ್ಟಿದ್ದ ಜಿ ಲೀಗ್ ಇಗ್ನೈಟ್ ಎಂಬ ತಂಡ 2024ರಲ್ಲಿ ಮುಚ್ಚಿಹೋದದ್ದೂ ಇದೇ ಕಾರಣಕ್ಕೆ. ಅಲ್ಲಿಗೆ ಹೋಗುವ ಅಗತ್ಯವೇ ಉಳಿಯಲಿಲ್ಲ.

ವಿದೇಶಿ ಹುಡುಗರಿಗೆ ಮಾತ್ರ ಒಂದು ತೊಡಕಿದೆ. ಮಕ್ಕಳನ್ನು ಎಫ್-1 ವೀಸಾದಲ್ಲಿ ಅಮೆರಿಕಕ್ಕೆ ಓದಲು ಕಳಿಸಿದ ನಮ್ಮವರಿಗೆ ಇದು ಗೊತ್ತಿರುವ ವಿಷಯವೇ: ವಿದ್ಯಾರ್ಥಿ ವೀಸಾದಲ್ಲಿ ದುಡಿದು ಸಂಪಾದಿಸುವುದಕ್ಕೆ ಬಿಗಿ ಮಿತಿಗಳಿವೆ. ಕೆಂಟಕಿ ವಿಶ್ವವಿದ್ಯಾಲಯದ ಆಸ್ಕರ್ ಶೀಬ್ವೇ ಕಾಂಗೊ ದೇಶದವನು. 2022ರಲ್ಲಿ ಇಡೀ ಅಮೆರಿಕದ ವರ್ಷದ ಕಾಲೇಜು ಆಟಗಾರ. ಆದರೂ ಸಹಪಾಠಿಗಳ ಹಾಗೆ ಸಲೀಸಾಗಿ ಜಾಹೀರಾತು ಮಾಡುವಂತಿರಲಿಲ್ಲ. ಆ ಬೇಸಿಗೆಯಲ್ಲಿ ತಂಡ ಬಹಾಮಾಸ್‌ಗೆ ಆಡಲು ಹೋದಾಗ, ಅಮೆರಿಕದ ನೆಲದಿಂದ ಹೊರಗೆ ಅವನ ಎನ್‌ಐಎಲ್ ಕೆಲಸಗಳು ನಡೆದವು. ಕಾನೂನು ಎಂಥೆಂಥ ದಾರಿ ಹುಡುಕಿಸುತ್ತದೆ ನೋಡಿ.

ಹೆಸರು ಕೊಟ್ಟು ವಾಪಸ್ ಪಡೆಯುವುದು

ಡ್ರಾಫ್ಟ್‌ಗೆ ಹೆಸರು ಕೊಟ್ಟ ತಕ್ಷಣ ಕಾಲೇಜಿನ ಬಾಗಿಲು ಮುಚ್ಚುವುದಿಲ್ಲ. ‘ನೀರಿನ ಆಳ ನೋಡುವುದು’ ಎಂದು ಕರೆಯಬಹುದಾದ ಒಂದು ಅವಧಿ ಇದೆ. 2025ರ ದಿನಾಂಕಗಳನ್ನೇ ನೋಡೋಣ. ಕಾಲೇಜು ಬದಲಿಸಲು ಹೆಸರು ಕೊಡುವ ಕೊನೆಯ ದಿನ ಏಪ್ರಿಲ್ 22. ಡ್ರಾಫ್ಟ್‌ಗೆ ಹೆಸರು ಕೊಡಲು ಏಪ್ರಿಲ್ 26. ಕಾಲೇಜಿಗೆ ವಾಪಸ್ ಬರಬೇಕೆಂದರೆ ಹೆಸರು ಹಿಂಪಡೆಯಲು ಮೇ 28. ಡ್ರಾಫ್ಟ್ ಜೂನ್ 25 ಮತ್ತು 26.

ನಡುವೆ ಮೇ ತಿಂಗಳಲ್ಲಿ ಶಿಕಾಗೊದಲ್ಲಿ ‘ಕಂಬೈನ್’ ನಡೆಯುತ್ತದೆ. ಆಹ್ವಾನ ಬಂದವರು ಮಾತ್ರ ಹೋಗಬಹುದು. ಶೂ ಕಳಚಿ ಎತ್ತರ ಅಳೆಯುತ್ತಾರೆ. ಕೈ ಚಾಚಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯುತ್ತಾರೆ. ಜಿಗಿತ, ಓಟ, ವೈದ್ಯರ ತಪಾಸಣೆ, ತಂಡಗಳ ಸಂದರ್ಶನ ಎಲ್ಲ ಇರುತ್ತದೆ. ಕಾಲೇಜು ಪುಸ್ತಕದಲ್ಲಿ ಇದ್ದ ಎತ್ತರ ಇಲ್ಲಿ ಒಂದೆರಡು ಇಂಚು ಕರಗುವುದು ಮಾಮೂಲು. ಇದಲ್ಲದೆ ಎನ್‌ಬಿಎಯದ್ದೇ ಒಂದು ಸಲಹಾ ಸಮಿತಿ ಹುಡುಗನಿಗೆ ಗುಟ್ಟಾಗಿ ಅಂದಾಜು ಹೇಳುತ್ತದೆ: ಮೊದಲ ಸುತ್ತೋ, ಎರಡನೆಯದೋ, ಯಾವುದೂ ಇಲ್ಲವೋ. ಎನ್‌ಸಿಎಎ ಒಪ್ಪಿದ ಏಜೆಂಟನನ್ನೂ ಇಟ್ಟುಕೊಳ್ಳಬಹುದು, ಕಾಲೇಜಿಗೆ ಮರಳುವುದಾದರೆ ಆ ಒಪ್ಪಂದ ಕೈಬಿಡಬೇಕು.

2025ರಲ್ಲಿ ಯಾಕ್ಸೆಲ್ ಲೆಂಡೆಬೋರ್ಗ್ ಎರಡು ದೋಣಿಯಲ್ಲೂ ಕಾಲಿಟ್ಟಿದ್ದ. ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯ ಬಿಟ್ಟು ಮಿಷಿಗನ್‌ಗೆ ಬರುವುದಾಗಿ ಹೇಳಿ, ಡ್ರಾಫ್ಟ್‌ನಲ್ಲೂ ಹೆಸರಿಟ್ಟಿದ್ದ. ಮೊದಲ ಸುತ್ತಿನ ಕೊನೆಯಲ್ಲೋ ಎರಡನೆಯದರ ಶುರುವಿನಲ್ಲೋ ಹೋಗಬಹುದು ಎಂಬ ಅಂದಾಜಿತ್ತು. ಮೇ ಕೊನೆಯಲ್ಲಿ ಹೆಸರು ವಾಪಸ್ ಪಡೆದು ಮಿಷಿಗನ್ ಸೇರಿದ. ಐದು ವರ್ಷ ಹಿಂದಾಗಿದ್ದರೆ ಇಂಥ ಹುಡುಗ ಹೋಗಿಯೇ ಬಿಡುತ್ತಿದ್ದ ಅನಿಸುತ್ತದೆ.

ಉಳಿದವರಿಗೆ ಏನಾಯಿತು?

ಎರಡೂ ಬಗೆಯ ಕಥೆಗಳಿವೆ. ಪರ್ಡ್ಯೂ ವಿಶ್ವವಿದ್ಯಾಲಯದ ಜ್ಯಾಕ್ ಈಡಿ ಕೆನಡಾದವನು, 7 ಅಡಿ 4 ಇಂಚು ಎತ್ತರ. 2023ರಲ್ಲಿ ವರ್ಷದ ಆಟಗಾರನಾದ, ಆದರೆ ಅವನ ತಂಡ ಮಾರ್ಚ್ ಟೂರ್ನಿಯ ಮೊದಲ ಸುತ್ತಿನಲ್ಲೇ ಫೇರ್ಲೀ ಡಿಕಿನ್ಸನ್ ಎಂಬ ಪುಟ್ಟ ಕಾಲೇಜಿಗೆ ಸೋತು ನಗೆಪಾಟಲಾಯಿತು. ಇಷ್ಟು ದೊಡ್ಡ ದೇಹ ಎನ್‌ಬಿಎಯ ವೇಗಕ್ಕೆ ಹೊಂದುವುದಿಲ್ಲ ಎಂಬ ಅನುಮಾನ ತಂಡಗಳಿಗಿತ್ತು. ಡ್ರಾಫ್ಟ್‌ಗೆ ಹೆಸರು ಕೊಟ್ಟು, ಆಳ ನೋಡಿ, ಕೊನೆಯ ದಿನ ವಾಪಸ್ ಪಡೆದ. ಮುಂದಿನ ವರ್ಷ ಮತ್ತೆ ವರ್ಷದ ಆಟಗಾರ. ತಂಡ ಫೈನಲ್ ತಲುಪಿತು. ಕನೆಕ್ಟಿಕಟ್ ಎದುರು ಸೋತರೂ ಈಡಿ ಒಬ್ಬನೇ 37 ಅಂಕ ಹೊಡೆದಿದ್ದ. 2024ರ ಡ್ರಾಫ್ಟ್‌ನಲ್ಲಿ ಮೆಂಫಿಸ್ ಅವನನ್ನು ಒಂಬತ್ತನೆಯವನಾಗಿ ಆರಿಸಿತು.

ಒಹಾಯೊ ಸ್ಟೇಟ್‌ನ ಜೇರೆಡ್ ಸಲ್ಲಿಂಜರ್‌ಗೆ ಉಲ್ಟಾ ಹೊಡೆಯಿತು. 2011ರಲ್ಲೇ ಹೊರಟಿದ್ದರೆ ಮೇಲಿನ ಸ್ಥಾನ ಸಿಗುವ ನಿರೀಕ್ಷೆಯಿತ್ತು. ಇನ್ನೊಂದು ವರ್ಷ ಉಳಿದ. ಅಷ್ಟರಲ್ಲಿ ಬೆನ್ನಿನ ತೊಂದರೆ ತಂಡಗಳ ವೈದ್ಯರ ಕಣ್ಣಿಗೆ ಬಿತ್ತು. 2012ರಲ್ಲಿ 21ನೆಯವನಾಗಿ ಹೋದ. ಶೀಬ್ವೇಯನ್ನಂತೂ 2023ರ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ.

ಗಾಯದ ಭಯ ಸುಮ್ನೆ ಹುಟ್ಟಿದ್ದಲ್ಲ. 2019ರ ಫೆಬ್ರುವರಿಯಲ್ಲಿ ಡ್ಯೂಕ್ ತಂಡದ ಜಯಾನ್ ವಿಲಿಯಮ್ಸನ್ ಆಟ ಶುರುವಾದ ಒಂದು ನಿಮಿಷದೊಳಗೆ ತಿರುಗಲು ಹೋದಾಗ ಶೂ ಹರಿದು, ಪಾದ ಹೊರಬಂದು, ಮೊಣಕಾಲು ಉಳುಕಿತ್ತು. ಸಂಬಳವಿಲ್ಲದ ಆಟಕ್ಕಾಗಿ ಈ ಹುಡುಗ ಕೋಟಿಗಳನ್ನು ಪಣಕ್ಕಿಡಬೇಕೇ ಎಂದು ಇಡೀ ದೇಶ ಚರ್ಚೆ ಮಾಡಿತು. ಅವನು ವಾಪಸ್ ಬಂದು ಆಡಿದ, ಆ ಜೂನ್‌ನಲ್ಲಿ ಮೊದಲನೆಯವನಾಗಿಯೇ ಆಯ್ಕೆಯಾದ.

ಡಿಗ್ರಿ ಗತಿ ಏನು?

ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆ ಇದೇ, ಆದರೆ ಇದರಲ್ಲಿ ದೊಡ್ಡ ಸಂಕಟವಿಲ್ಲ. ಬಿಟ್ಟುಹೋದ ಓದನ್ನು ಆಮೇಲೂ ಮುಗಿಸಬಹುದು. ಜೋರ್ಡನ್ 1986ರಲ್ಲಿ, ಶಕೀಲ್ ಓನೀಲ್ 2000ದಲ್ಲಿ, ಸ್ಟೆಫ್ ಕರಿ 2022ರಲ್ಲಿ ಡಿಗ್ರಿ ಪಡೆದರು. ಓದಿಗೆ ವಯಸ್ಸಿಲ್ಲ, ಆಡುವುದಕ್ಕಿದೆ.

ಯಾರೂ ಕರೆಯದಿದ್ದರೆ?

ಆಯ್ಕೆಯಾಗದೆ ಉಳಿದವನು ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಬೇಸಿಗೆಯ ಸಮ್ಮರ್ ಲೀಗ್‌ನಲ್ಲಿ ಗಮನ ಸೆಳೆದು ಟು-ವೇ ಗಿಟ್ಟಿಸಬಹುದು. ಶೀಬ್ವೇಗೆ ಇಂಡಿಯಾನಾ ಪೇಸರ್ಸ್‌ನಿಂದ ಅದೇ ಸಿಕ್ಕಿತು. ಇಲ್ಲದಿದ್ದರೆ ಜಿ ಲೀಗ್, ಅದೂ ಬೇಡವಾದರೆ ಯುರೋಪ್, ಚೀನಾ, ಆಸ್ಟ್ರೇಲಿಯಾ.

ಭಾರತೀಯ ಮೂಲದ ಒಬ್ಬ ಈ ದಾರಿಯಲ್ಲಿ ನಡೆದಿದ್ದಾನೆ. ಟೊರಾಂಟೊದಲ್ಲಿ ಪಂಜಾಬಿ ಕುಟುಂಬದಲ್ಲಿ ಹುಟ್ಟಿದ ಸಿಮ್ ಭುಲ್ಲರ್, 7 ಅಡಿ 5 ಇಂಚು. ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎರಡು ವರ್ಷ ಆಡಿ, ಇನ್ನೂ ಎರಡು ವರ್ಷ ಆಡುವ ಅವಕಾಶವಿದ್ದಾಗಲೇ 2014ರ ಡ್ರಾಫ್ಟ್‌ಗೆ ಹೆಸರು ಕೊಟ್ಟ. ಯಾರೂ ಕರೆಯಲಿಲ್ಲ. ಜಿ ಲೀಗ್‌ಗೆ ಆಗ ಡಿ ಲೀಗ್ ಅಂತ ಹೆಸರು, ಅಲ್ಲಿ ಒಂದು ಸೀಸನ್ ಆಡಿದ. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಹತ್ತು ದಿನದ ಒಪ್ಪಂದಕ್ಕೆ ಕರೆಯಿತು. ಹಾಗೆ ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರನಾದ. ಅದೇ ವರ್ಷ ಜೂನ್‌ನಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ 52ನೆಯವನಾಗಿ ಆಯ್ಕೆಯಾದ ಮೊದಲ ಭಾರತೀಯ, ಆದರೆ ಎನ್‌ಬಿಎ ಅಂಕಣಕ್ಕೆ ಇಳಿಯುವ ಅವಕಾಶ ಅವನಿಗೆ ಸಿಗಲಿಲ್ಲ. ಭುಲ್ಲರ್ ಎನ್‌ಬಿಎಯಲ್ಲಿ ಆಡಿದ್ದು ಮೂರು ಪಂದ್ಯ. ಆಮೇಲೆ ತೈವಾನ್‌ನ ತಂಡಗಳಲ್ಲಿ ವರ್ಷಗಟ್ಟಲೆ ಆಡಿ ಅಲ್ಲೇ ಹೆಸರು ಮಾಡಿದ.